ದೊಡ್ಡ ಉಸಿರಿನ ಸ್ಕೇವೊಸ್

ನಮ್ಮ ಕಾಲಿಮ್ನೊಸ್ ದ್ವೀಪದಲ್ಲಿ ಸ್ಕೇವೊಸ್ ಎಂಬ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಬರೀ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಬೇಕರಿ ಸ್ಕೇವೊಸ್, ಮೇಕೆ ಸ್ಕೇವೊಸ್, ಕುಂಟ ಸ್ಕೇವೊಸ್ ಎಂದು ಏನಾದರೂ ಸೇರಿಸಿ ಹೇಳಲೇಬೇಕು. ನಾನು ಹೇಳಹೊರಟಿರುವುದು ಉಸಿರು ಸ್ಕೇವೊಸ್ ಅವರ ವಿಚಾರ. ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಅಂಟಿಕೊಂಡಿತ್ತು. ನನಗೆ ಅವರು ದೊಡ್ಡಪ್ಪ, ಅವರ ಹೆಂಡತಿ ಥೆಮೆಲೀನಾ ದೊಡ್ಡಮ್ಮ. ರಕ್ತಸಂಬಂಧ ಏನೂ ಇಲ್ಲ, ಆದರೆ ನನ್ನನ್ನು ಬೈಯುವ ಹಕ್ಕು ಇಬ್ಬರಿಗೂ ಪೂರ್ತಿ ಇತ್ತು.

ಸಮುದ್ರದ ತಳದ ಬಂಡೆಗಳಲ್ಲಿ ಬೆಳೆಯುವ, ಮೈ ತೊಳೆಯಲು ಬಳಸುವ ಸ್ಪಂಜು ಎಂಬ ಜೀವಿಯನ್ನು ಕಿತ್ತು ತರುವವರ ಊರು ನಮ್ಮದು. ದೊಡ್ಡಪ್ಪ ಮೀಸೆ ಚಿಗುರುವ ಮೊದಲೇ ತಂದೆಯ ದೋಣಿ ಹತ್ತಿದವರು. ಒಂದು ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಒಂದೇ ಉಸಿರಿನಲ್ಲಿ ಕೆಳಗಿಳಿದು, ಕೈಗೆ ಸಿಕ್ಕಷ್ಟು ಸ್ಪಂಜನ್ನು ಬಲೆಚೀಲಕ್ಕೆ ತುಂಬಬೇಕು. ಮೇಲೆ ದೋಣಿಯಲ್ಲಿ ಒಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಅವನು ಎರಡು ಸಲ ಜಗ್ಗಿದರೆ 'ಸಾಕು, ಬಾ' ಎಂದರ್ಥ. ಆ ಜಗ್ಗು ಬರುವವರೆಗೂ ಕೆಳಗಿರುವವನು ಉಸಿರು ಬಿಡುವಂತಿಲ್ಲ. ಮುಂದೆ ಬಾಯಿಗೆ ಗಾಳಿಯ ಕೊಳವೆ ಬಂತು, ಆದರೂ ಸೊಂಟದ ಹಗ್ಗ ಹೋಗಲಿಲ್ಲ. ದೊಡ್ಡಪ್ಪನ ಹಗ್ಗ ಮೊದಲಿನಿಂದ ಕೊನೆಯವರೆಗೂ ಅವರ ಗೆಳೆಯ ಮೀಕೆಸ್ ಕೈಯಲ್ಲೇ ಇತ್ತು.

ಅಡ್ಡಹೆಸರು ಬಂದದ್ದು ಮದುವೆಮನೆಗಳಿಂದ. ನಾಲ್ಕು ಲೋಟ ವೈನ್ ಒಳಗೆ ಹೋಯಿತೆಂದರೆ ದೊಡ್ಡಪ್ಪ ನೀರು ತುಂಬಿದ ಬೋಗುಣಿಯಲ್ಲಿ ಮುಖ ಮುಳುಗಿಸಿ ಕೂರುತ್ತಿದ್ದರು. ಪಿಟೀಲಿನವನು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೂ ಇವರು ತಲೆ ಎತ್ತುತ್ತಿರಲಿಲ್ಲ. ಹೊಸದಾಗಿ ಬಂದ ಬೀಗರು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ದೊಡ್ಡಮ್ಮ ಮಾತ್ರ ಕೋಳಿಯ ಮೂಳೆ ಚೀಪುತ್ತಾ, "ಇರ್ಲಿ ಬಿಡಿ, ಅಷ್ಟೊತ್ತಾದ್ರೂ ಬಾಯಿ ಮುಚ್ಕೊಂಡಿರ್ತಾನೆ" ಎನ್ನುತ್ತಿದ್ದರು.

ಹೀಗೆ ಹೇಳಿದರೆ ಆಕೆ ಕಲ್ಲೆದೆಯವರು ಅಂದುಕೊಳ್ಳಬೇಡಿ. ಈಸ್ಟರ್ ಹಬ್ಬ ಮುಗಿದ ಮೇಲೆ ದೋಣಿಗಳೆಲ್ಲ ಆಫ್ರಿಕಾದ ದಡದ ಕಡೆ ಹೊರಟರೆ ತಿರುಗಿ ಬರುವುದು ಚಳಿ ಶುರುವಾಗುವ ಹೊತ್ತಿಗೆ. ಹೋದವರೆಲ್ಲ ಬರುತ್ತಿರಲಿಲ್ಲ, ಬಂದವರೆಲ್ಲ ನೆಟ್ಟಗೆ ನಡೆಯುತ್ತಿರಲಿಲ್ಲ, ಆಳದಿಂದ ಸರಕ್ಕನೆ ಮೇಲೆದ್ದರೆ ಕಾಲು ಸೋತುಹೋಗುತ್ತದೆ. ಹೆಂಗಸರು ದೋಣಿಗೆ ಕಾಲಿಡುವಂತಿರಲಿಲ್ಲ, ದಡದಲ್ಲಿ ಬಿದ್ದ ಹಗ್ಗವನ್ನು ದಾಟುವಂತೆಯೂ ಇರಲಿಲ್ಲ. ದಾಟಿದರೆ ಆ ಹಗ್ಗ ಸಮುದ್ರದಲ್ಲಿ ಕೈಕೊಡುತ್ತದೆ ಎಂಬ ನಂಬಿಕೆ ಗಂಡಸರದ್ದು. ದೊಡ್ಡಮ್ಮ ಇಡೀ ಬೇಸಿಗೆ ಬೆಟ್ಟದ ಮೇಲಿನ ಚರ್ಚಿಗೆ ಬರಿಗಾಲಲ್ಲಿ ಹತ್ತಿ ಇಳಿಯುತ್ತಿದ್ದರು. ಗಂಡ ಬಂದಿಳಿದ ದಿನ ಮಾತ್ರ ಏನೂ ಆಗದವರಂತೆ, "ಬಂದ್ಯಾ? ಸೌದೆ ಒಡೀಬೇಕು" ಎನ್ನುತ್ತಿದ್ದರು.

ಕಾಲ ಸರಿಯಿತು. ಸ್ಪಂಜಿಗೆ ರೋಗ ಬಿದ್ದು ತಳವೆಲ್ಲ ಬರಿದಾಯಿತು. ದೋಣಿಗಳು ದಡದಲ್ಲೇ ಬಿರುಕು ಬಿಟ್ಟವು. ಮೀಕೆಸ್ ತೀರಿಕೊಂಡರು. ದೊಡ್ಡಪ್ಪ ಬಂದರಿನ ಹತ್ತಿರ ಕುರ್ಚಿ ಹಾಕಿಕೊಂಡು, ಅಲ್ಲಿ ಇಲ್ಲಿ ತರಿಸಿದ ಸ್ಪಂಜುಗಳನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ಪ್ರವಾಸಿಗರಿಗೆ ಮಾರತೊಡಗಿದರು. ಸ್ಪಂಜಿಗಿಂತ ಸುಳ್ಳೇ ಜಾಸ್ತಿ ಖರ್ಚಾಗುತ್ತಿತ್ತು. ಅವರು ಹೇಳುವ ಶಾರ್ಕ್ ಮೀನು ವರ್ಷ ವರ್ಷ ಒಂದೊಂದು ಮೊಳ ಬೆಳೆಯುತ್ತಿತ್ತು.

ಆ ದೊಡ್ಡಪ್ಪನಿಗೆ ಒಂದು ವಸಂತದಲ್ಲಿ ಉಸಿರೇ ಸಾಲದಾಯಿತು. ಬಂದರಿನಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ಮೂರು ಕಡೆ ಕೂತು ಬರುತ್ತಿದ್ದರು. ಎದೆಯ ಬಲಗಡೆ ಚುಚ್ಚುತ್ತದೆ ಎಂದು ಹೆಂಡತಿಗೆ ಹೇಳದೆ ಬೆಕ್ಕಿಗೆ ಹೇಳಿದರಂತೆ. ದೊಡ್ಡಮ್ಮ ಕೇಳಿಸಿಕೊಂಡು ನನಗೆ ಫೋನ್ ಮಾಡಿದರು.

"ಸೆವಸ್ತಿ, ನಿಮ್ಮ ದೊಡ್ಡಪ್ಪನ್ನ ನಾಳೆ ಹಡಗಿಗೆ ಹತ್ತಿಸ್ತೀನಿ. ನಿನ್ನ ಆ ದೊಡ್ಡ ಬಳೆಯೊಳಗೆ ತೂರಿಸಿ ಏನಾಗಿದೆ ನೋಡು."

ಪಕ್ಕದ ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ದೊಡ್ಡ ಬಳೆ ಎಂದರೆ ನಮ್ಮ ಸ್ಕ್ಯಾನಿಂಗ್ ಯಂತ್ರ. ಹಡಗು ಕಂಪನಿಯ ಯಜಮಾನರೊಬ್ಬರು ತಾಯಿಯ ನೆನಪಿಗೆ ಕೊಡಿಸಿದ್ದು, ಇಲ್ಲದಿದ್ದರೆ ನಮ್ಮಂಥ ಮೂಲೆಗೆ ಅಂಥದ್ದು ಬರುವ ಮಾತೇ ಇರಲಿಲ್ಲ. ಅದು ಎದೆಯನ್ನು ಒಂದೇ ಸಲಕ್ಕೆ ಎರಡು ಬಗೆಯ ಎಕ್ಸ್‌ರೇಯಲ್ಲಿ ನೋಡುತ್ತದೆ. ಒಂದರ ಶಕ್ತಿ ಕಡಿಮೆ, ಇನ್ನೊಂದರದ್ದು ಹೆಚ್ಚು. ಚಿತ್ರದಲ್ಲಿ ರಕ್ತ ಎದ್ದು ಕಾಣಲೆಂದು ನಾಳಕ್ಕೆ ಚುಚ್ಚಿ ಬಿಟ್ಟ ಡೈ ಎರಡರಲ್ಲೂ ಒಂದೇ ಥರ ಕಾಣುವುದಿಲ್ಲ, ಮೂಳೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಿಬಿಡುತ್ತದೆ. ಎರಡನ್ನೂ ತಾಳೆ ಹಾಕಿದರೆ ಡೈ ಒಂದನ್ನೇ ಬೇರೆ ಮಾಡಿ, ಶ್ವಾಸಕೋಶದ ಯಾವ ಮೂಲೆಗೆ ರಕ್ತ ಹೋಗುತ್ತಿದೆ, ಯಾವ ಮೂಲೆಗೆ ಹೋಗುತ್ತಿಲ್ಲ ಎಂದು ಬಣ್ಣದ ನಕ್ಷೆಯನ್ನೇ ಬರೆದುಕೊಡುತ್ತದೆ. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದರೆ ಅಷ್ಟು ಜಾಗ ಕಪ್ಪಾಗಿ ಕೂತಿರುತ್ತದೆ.

ದೊಡ್ಡಪ್ಪನ ವಿಷಯದಲ್ಲಿ ತಿಳಿಯಬೇಕಾಗಿದ್ದುದೂ ಅದೇ. ನಮ್ಮ ಡಾಕ್ಟರ್ ಕ್ರಿಸಾಂಥಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಹೆಪ್ಪು ಇದ್ದರೆ ರಕ್ತ ತೆಳು ಮಾಡುವ ಔಷಧಿ ಈಗಲೇ ಶುರುವಾಗಬೇಕು, ಇಲ್ಲದಿದ್ದರೆ ಯಾವ ಗಳಿಗೆಯಲ್ಲಾದರೂ ಜೀವ ಹೋಗಬಹುದು. ಹೆಪ್ಪು ಇಲ್ಲದೆ ಕೊಟ್ಟರೆ ಅದೂ ಅಪಾಯ. ಹೋದ ವರ್ಷವಷ್ಟೇ ಹೊಟ್ಟೆಯ ಅಲ್ಸರ್ ಒಡೆದು ರಕ್ತ ವಾಂತಿ ಮಾಡಿಕೊಂಡಿದ್ದ ಮನುಷ್ಯ. ಊಹೆಯ ಮೇಲೆ ಔಷಧಿ ಕೊಡುವ ಹಾಗಿರಲಿಲ್ಲ. ಚಿತ್ರ ಸ್ಪಷ್ಟವಾಗಿ ಬರಬೇಕಿತ್ತು.

ನಾನು ದೊಡ್ಡಪ್ಪನನ್ನು ಮಲಗಿಸಿ, ಕೈ ತಲೆಯ ಮೇಲೆ ಇಡಿಸಿ, ಹೊರಗಿನ ಕೋಣೆಗೆ ಬಂದು ಮೈಕಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ.

"ಉಸಿರು ತಗೊಂಡು ಹಿಡ್ಕೊಳ್ಳಿ ದೊಡ್ಡಪ್ಪ."

ಅವರಿಗೆ ಹಾಗೆ ಹೇಳಬಾರದಿತ್ತು. ಗಾಜಿನಾಚೆ ನೋಡುತ್ತಿದ್ದ ಹಾಗೇ ಆ ಮುದುಕನ ಎದೆ ಉಬ್ಬಿತು, ಇನ್ನೂ ಉಬ್ಬಿತು, ಹೊಟ್ಟೆ ಬೆನ್ನಿಗೆ ಹತ್ತಿತು, ಕತ್ತಿನ ನರಗಳು ಎದ್ದು ನಿಂತವು. ಇಷ್ಟು ದಿನ ಸಾಲದೆ ಹೋಗಿದ್ದ ಉಸಿರು ಎಲ್ಲಿಂದ ಬಂತೋ ದೇವರೇ ಬಲ್ಲ. ಸ್ಕ್ಯಾನ್ ಮುಗಿಯಿತು. "ಉಸಿರು ಬಿಡಿ" ಎಂದೆ. ಬಿಡಲಿಲ್ಲ. "ಆಯ್ತು ದೊಡ್ಡಪ್ಪ, ಬಿಡಿ!" ಎಂದು ಕೂಗಿದೆ. ಉಹೂಂ. ತುಟಿ ನೀಲಿಯಾಗುತ್ತಿತ್ತು. ನಾನೂ ನರ್ಸೂ ಒಳಗೆ ಓಡಿದೆವು. ಭುಜ ಹಿಡಿದು ಅಲುಗಿಸಿದ ಮೇಲೆ ಬುಸ್ಸೆಂದು ಬಿಟ್ಟು, ಕೆಮ್ಮಿ, ಕಣ್ಣು ತೆರೆದು ನನ್ನನ್ನೇ ಗದರಿದರು.

"ಯಾರೂ ಜಗ್ಗಲೇ ಇಲ್ವಲ್ಲೇ!"

ಸಿಟ್ಟಿನಲ್ಲಿ ನನಗೆ ಅಳುವೇ ಬಂತು. ಗಂಡನ ಜೊತೆಗೇ ಬಂದು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, "ನೋಡ್ದ್ಯಾ, ಐವತ್ತು ವರ್ಷದಿಂದ ಇದರ ಜೊತೆ ಏಗ್ತಿದೀನಿ" ಎಂದರು. ಮುಖ ಮಾತ್ರ ಸುಣ್ಣದಂತೆ ಬೆಳ್ಳಗಾಗಿತ್ತು.

ಡಾಕ್ಟರ್ ಕ್ರಿಸಾಂಥಿ ಚಿತ್ರಗಳ ಮುಂದೆ ಕೂತರು. ನಕ್ಷೆಯಲ್ಲಿ ಎರಡೂ ಶ್ವಾಸಕೋಶ ಮಂಕು ಮಂಕು, ಕೆಳಗಿನ ಅರ್ಧವಂತೂ ಕಪ್ಪು. ಅಷ್ಟೂ ಹೆಪ್ಪೇ ಎಂದುಕೊಂಡೆ. ಆಕೆ ತಲೆ ಅಲ್ಲಾಡಿಸಿದರು.

"ಹೆದರ್ಬೇಡ ಸೆವಸ್ತಿ, ಇದು ಕಾಯಿಲೆ ಅಲ್ಲ, ಕೆಟ್ಟ ಚಿತ್ರ. ನೋಡು, ಡೈ ಎಲ್ಲ ಹೃದಯದ ಬಾಗಿಲಲ್ಲೇ ನಿಂತುಬಿಟ್ಟಿದೆ. ಅಷ್ಟು ದೊಡ್ಡ ಉಸಿರು ಎಳ್ಕೊಂಡಾಗ ಹೊಟ್ಟೆ ಕಡೆಯಿಂದ ಡೈ ಇಲ್ದಿರೋ ರಕ್ತ ನುಗ್ಗಿದೆ. ಆಮೇಲೆ ಎದೆ ಬಿಗಿ ಹಿಡಿದಿದಾರೆ, ಡೈ ಒಳಗೆ ಹೋಗೋಕೆ ದಾರಿನೇ ಇಲ್ಲ. ಇದನ್ನ ನೋಡಿ ಹೆಪ್ಪು ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ."

"ಮತ್ತೆ ಮಾಡಿದ್ರೆ?"

"ಡೈ ಕಿಡ್ನಿಗೆ ಭಾರ, ಅವರದ್ದು ಮೊದಲೇ ಸೋತಿದೆ. ಎರಡು ಶಕ್ತಿ ಇರೋದ್ರಿಂದ ಕಡಿಮೆ ಡೈನಲ್ಲೂ ಚಿತ್ರ ತೆಗೀಬಹುದು. ಹಾಗೆ ಇನ್ನೊಂದೇ ಒಂದು ಸಲ. ಅದೂ ನಾಳೆ, ಚೆನ್ನಾಗಿ ನೀರು ಹತ್ತಿಸಿ. ಅಥೆನ್ಸ್‌ಗೆ ಕಳಿಸೋಣ ಅಂದ್ರೆ ಈ ಸ್ಥಿತೀಲಿ ದಾರಿ ತಡ್ಕೋತಾರೆ ಅನ್ನೋ ಧೈರ್ಯ ನಂಗಿಲ್ಲ. ನಾಳೆ ಅವರು ಸಣ್ಣ ಉಸಿರು ಹಿಡೀಬೇಕು. ಅಷ್ಟೇ."

ಅಷ್ಟೇ! ಮೀನಿಗೆ ಮರ ಹತ್ತು ಎಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಡೈ ಇಲ್ಲದೆ ಅಭ್ಯಾಸ ಶುರುವಾಯಿತು. ಡಾಕ್ಟರ್ ಬಂದು, "ಬಸ್ಸಿಗೆ ಕಾಯ್ತಾ ನಿಂತಾಗ ತಗೋತೀರಲ್ಲ, ಅಂಥ ಉಸಿರು ಸಾಕು" ಎಂದರು. ದೊಡ್ಡಪ್ಪ ವಿನಯದಿಂದ ತಲೆ ಆಡಿಸಿ ಮತ್ತೆ ಇಡೀ ಕೋಣೆಯ ಗಾಳಿಯನ್ನು ಎಳೆದುಕೊಂಡರು. "ಅರ್ಧ ಸಾಕು ದೊಡ್ಡಪ್ಪ" ಎಂದೆ. ಅರ್ಧಕ್ಕೆ ನಿಲ್ಲಿಸಿದರು, 'ಹಿಡ್ಕೊಳ್ಳಿ' ಎಂದ ಕೂಡಲೇ ಉಳಿದರ್ಧವನ್ನೂ ಎಳೆದರು. ಬೇಡವೆಂದು ಮಾಡುತ್ತಿರಲಿಲ್ಲ. ಪಾಪ, ಅವರಿಗೇ ನಾಚಿಕೆಯಾಗಿ ಬೆವರುತ್ತಿದ್ದರು.

"ಬೇಕು ಅಂತ ಮಾಡ್ತಿಲ್ಲ ಕಣಮ್ಮ," ಎಂದರು ಕೊನೆಗೆ. "ಹಿಡ್ಕೋ ಅಂದ್ರೆ ಮೈ ತಾನಾಗೇ ತುಂಬ್ಕೊಳ್ಳತ್ತೆ. ಯಾವಾಗ ಮೇಲೆ ಬರ್ತೀನಿ ಅಂತ ಗೊತ್ತಿಲ್ದೇ ಇರೋನು ಕಡಿಮೆ ತಗೊಂಡು ಇಳೀತಾನಾ? ಮೀಕೆಸ್ ಇದ್ದಾಗ್ಲೂ ಅವನು ಮೇಲೆ ಸಿಗರೇಟ್ ಹಚ್ಚೋಕೆ ಹೋಗಿದ್ರೆ ಅಂತ ಒಂದ್ ಗುಟುಕು ಜಾಸ್ತಿನೇ ತಗೋತಿದ್ದೆ. ಇಲ್ಲಿ ಹಗ್ಗವೇ ಇಲ್ಲ."

ನರ್ಸ್ ನಕ್ಕಳು. ಡಾಕ್ಟರ್ ನಗಲಿಲ್ಲ. "ಹಗ್ಗ ಇದ್ರೆ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಹಗ್ಗಕ್ಕೇನು ಕೊರತೆ. ಉದ್ದನೆಯ ಬ್ಯಾಂಡೇಜ್ ಬಟ್ಟೆ ಸುತ್ತು ಬಿಚ್ಚಿ ಒಂದು ತುದಿಯನ್ನು ದೊಡ್ಡಪ್ಪನ ಕಾಲಿನ ಗಂಟಿಗೆ ಕಟ್ಟಿದೆವು. ಎಕ್ಸ್‌ರೇ ತಡೆಯುವ ಸೀಸದ ಕೋಟು ಹಾಕಿಕೊಂಡು ರೋಗಿಯ ಜೊತೆ ಒಬ್ಬರು ಒಳಗೆ ನಿಲ್ಲಲು ಅವಕಾಶವಿದೆ, ಮಕ್ಕಳಿದ್ದಾಗ ತಾಯಂದಿರು ನಿಲ್ಲುತ್ತಾರೆ. ಅಭ್ಯಾಸಕ್ಕೆಂದು ಇನ್ನೊಂದು ತುದಿಯನ್ನು ನಾನು ಹಿಡಿದೆ. "ಹಿಡ್ಕೊಳ್ಳಿ" ಎಂದು ನರ್ಸ್ ಹೇಳಿದಳು. ಉಸಿರು ನಿನ್ನೆಗಿಂತ ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೇ. ಎದೆ ಈಗಲೂ ಬಿಗಿದೇ ಇತ್ತು. ನಾನು ಎರಡು ಸಲ ಜಗ್ಗಿದೆ. ಉಸಿರು ಬಿಟ್ಟರು.

"ನನ್ನ ಮೇಲೆ ನಂಬಿಕೆ ಇಲ್ವಾ ದೊಡ್ಡಪ್ಪ?"

"ಹಾಗಲ್ಲ ಪುಟ್ಟಾ. ನೀನು ಒಳ್ಳೆಯವಳೇ. ಆದ್ರೆ ಮಾತಾಡೋದು ಜಾಸ್ತಿ, ಯಾರಾದ್ರೂ ಕರೆದ್ರೆ ಆ ಕಡೆ ತಿರುಗಿಬಿಡ್ತೀಯ."

ಆಗ ಮೂಲೆಯಿಂದ ದೊಡ್ಡಮ್ಮ ಎದ್ದರು. ಬೆಳಗಿನಿಂದ ಅಲ್ಲಿ ಕೂತು, ಗಂಡನಿಗೆಂದು ತಂದ ಬಾರ್ಲಿ ರೊಟ್ಟಿಯ ಗಂಟನ್ನು ಮಡಿಲಲ್ಲಿ ಹಿಡಿದುಕೊಂಡಿದ್ದರು. ಗಂಟನ್ನು ಕುರ್ಚಿಯ ಮೇಲಿಟ್ಟು ಕೈ ಚಾಚಿದರು.

"ತಾ ಇಲ್ಲಿ. ನಾನು ಹಿಡೀತೀನಿ."

ದೊಡ್ಡಪ್ಪ ಮಲಗಿದಲ್ಲಿಂದಲೇ ಕತ್ತೆತ್ತಿದರು. "ಏನು? ಹೆಂಗಸು ಹಗ್ಗ ಹಿಡಿಯೋದಾ? ತಲೆ ಕೆಟ್ಟಿದ್ಯಾ ನಿಂಗೆ?"

"ಹೆಂಗಸು ಮುಟ್ಟಿದ್ರೆ ಏನು, ಈ ಆಸ್ಪತ್ರೆ ಮುಳುಗಿಹೋಗತ್ತಾ?"

"ಹಾಗಲ್ಲ ಕಣೇ, ಅದು ಪದ್ಧತಿ..."

"ನಿಮ್ಮ ಪದ್ಧತಿಗೆ ಬೆಂಕಿ ಹಾಕ. ಗಂಡಸರು ಹಿಡಿದ ಹಗ್ಗದಲ್ಲಿ ಇಳಿದೋರು ಎಷ್ಟು ಜನ ವಾಪಸ್ ಬರ್ಲಿಲ್ಲ, ಹೇಳ್ಲಾ? ನಮ್ಮಣ್ಣನ್ನ ಮರಳಲ್ಲಿ ಹೂತು ಬಂದ್ರಲ್ಲ ಆಫ್ರಿಕಾ ದಡದ ದೆರ್ನಾದಲ್ಲಿ, ಆ ಹಗ್ಗ ಯಾವ ಹೆಂಗಸು ದಾಟಿದ್ಲು? ಸುಮ್ನೆ ಬಿದ್ಕೋ, ಮುದುಕಾ."

ದೊಡ್ಡ ದನಿಯಲ್ಲಿ ದಿನಾ ಜಗಳವಾಡುವ ಆಕೆ ಇದನ್ನು ಬಹಳ ಮೆಲ್ಲಗೆ ಹೇಳಿದರು. ದೊಡ್ಡಪ್ಪ ತಲೆಯನ್ನು ದಿಂಬಿಗೆ ಇಳಿಸಿದರು.

"ಸರಿ. ಬಿಗಿಯಾಗಿ ಹಿಡೀಬೇಡ. ಸಡಿಲಾನೂ ಬಿಡಬೇಡ. ಎರಡು ಸಲ ಜಗ್ಗಬೇಕು."

"ಗೊತ್ತು. ಊರಿನ ಬೆಕ್ಕಿಗೂ ಗೊತ್ತು."

ಸೀಸದ ಕೋಟು ಆಕೆಗೆ ಮೊಣಕಾಲಿನ ಕೆಳಗೂ ಇಳಿಯುತ್ತಿತ್ತು. ಹಾಕಿಸುವಾಗ ಭಾರಕ್ಕೆ ಒಂದು ಹೆಜ್ಜೆ ವಾಲಿದರು, ಮತ್ತೆ ನೆಟ್ಟಗೆ ನಿಂತರು. ಗಂಡನ ಕಡೆ ಮೂರು ಸಲ ಥೂ ಥೂ ಥೂ ಎಂದು ದೃಷ್ಟಿ ತೆಗೆದರು. ಬ್ಯಾಂಡೇಜಿನ ತುದಿಯನ್ನು ಅಂಗೈಗೆ ಒಂದು ಸುತ್ತು ಸುತ್ತಿ, ಬೆರಳುಗಳ ನಡುವೆ ಹಾಯಿಸಿ ಹಿಡಿದರು. ದೋಣಿಯ ಗಂಡಸರು ಹಿಡಿಯುವುದೂ ಹಾಗೆಯೇ. ಯಾವಾಗ ನೋಡಿ ಕಲಿತಿದ್ದರೋ ನನಗೆ ಗೊತ್ತಿಲ್ಲ, ಕೇಳುವ ಹೊತ್ತೂ ಅದಲ್ಲ. ಒಮ್ಮೆ ಅಭ್ಯಾಸ ಮಾಡೋಣ ಎಂದುಕೊಂಡಿದ್ದೆವು. ದೊಡ್ಡಪ್ಪನಿಗೆ ಆಗಲೇ ಸುಸ್ತಾಗಿತ್ತು. ಡಾಕ್ಟರ್, "ಈಗಲೇ ಮಾಡಿಬಿಡೋಣ" ಎಂದರು.

ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಡೈ ಹರಿಯತೊಡಗಿತು. ಇದು ಕೆಟ್ಟರೆ ನಮ್ಮ ಹತ್ತಿರ ಇನ್ನೇನೂ ಉಳಿದಿರಲಿಲ್ಲ, ಕತ್ತಲಲ್ಲಿ ಔಷಧಿ ಕೊಡುವುದೋ ಬಿಡುವುದೋ ಎಂದು ಕೈ ಹಿಸುಕಿಕೊಂಡು ಕೂರುವುದಷ್ಟೇ.

"ಉಸಿರು ತಗೊಂಡು ಹಿಡ್ಕೊಳ್ಳಿ ದೊಡ್ಡಪ್ಪ."

ಎದೆ ಸ್ವಲ್ಪವೇ ಏರಿತು. ಅಲ್ಲೇ ನಿಂತಿತು. ಕತ್ತಿನ ನರ ಎದ್ದೇಳಲಿಲ್ಲ, ಹೊಟ್ಟೆ ಒಳಗೆ ಹೋಗಲಿಲ್ಲ. ಕಾಯಿಪಲ್ಲೆ ಅಂಗಡಿಯ ಮುಂದೆ ನಿಂತವರ ಉಸಿರು ಅದು. ಅವರು ಮಲಗಿದ್ದ ಹಲಗೆ ಮೆಲ್ಲನೆ ಬಳೆಯೊಳಗೆ ಸರಿಯಿತು. ಅದು ಸರಿದ ಹಾಗೆ ದೊಡ್ಡಮ್ಮ ಕೈಯಿಂದ ಬಟ್ಟೆಯನ್ನು ಅಷ್ಟಷ್ಟೇ ಬಿಟ್ಟುಕೊಟ್ಟರು, ಕಣ್ಣು ಗಂಡನ ಎದೆಯ ಮೇಲೆ ನೆಟ್ಟಿತ್ತು. ನಾನು ಗಾಜಿನಿಂದ ಕೈ ಬೀಸಿದೆ. ಆಕೆ ಎರಡು ಸಲ ಜಗ್ಗಿದರು. ದೊಡ್ಡಪ್ಪ ಉಸಿರು ಬಿಟ್ಟರು.

ನಕ್ಷೆ ಪರದೆಯ ಮೇಲೆ ಮೂಡಿತು. ಎರಡೂ ಕಡೆ ಕಿತ್ತಳೆ ಬಣ್ಣ ಅಂಚಿನವರೆಗೂ ತುಂಬಿಕೊಂಡಿತ್ತು. ಬಲಗಡೆ ಕೆಳಗೆ ಮಾತ್ರ, ಚೀಸ್ ಕತ್ತರಿಸಿ ತೆಗೆದ ಹಾಗೆ, ಮೂರು ಮೂಲೆಯ ಒಂದು ಕಪ್ಪು ತುಂಡು. ಡಾಕ್ಟರ್ ಕ್ರಿಸಾಂಥಿ ಅದಕ್ಕೆ ಹೋಗುವ ನಾಳವನ್ನು ಹಿಂಬಾಲಿಸಿ ಹೆಪ್ಪನ್ನು ಹುಡುಕಿ ತೋರಿಸಿದರು. ಅನುಮಾನಕ್ಕೆ ಜಾಗವಿರಲಿಲ್ಲ. ಔಷಧಿ ಶುರು ಮಾಡಬೇಕು, ಅಲ್ಸರ್ ಇರುವುದರಿಂದ ವಾರ್ಡಿನಲ್ಲೇ ಇಟ್ಟುಕೊಂಡು ಜೋಪಾನವಾಗಿ, ಎಂದು ಬರೆದು ನರ್ಸ್ ಕೈಗೆ ಕೊಟ್ಟರು. ಆಮೇಲೆ ಒಳಗೆ ಬಂದು ದೊಡ್ಡಪ್ಪನಿಗೂ ಅದನ್ನೇ ಹೇಳಿದರು.

"ಒಂದು ಮೂಲೆ ಬಿಟ್ರೆ ಉಳಿದಿದ್ದೆಲ್ಲ ಚೆನ್ನಾಗಿದೆ. ಸರಿಯಾದ ಹೊತ್ತಿಗೆ ಸಿಕ್ಕಿತು. ಇಂಥ ಒಳ್ಳೆ ಚಿತ್ರ ನಂಗೆ ಈ ವರ್ಷ ಬಂದಿರ್ಲಿಲ್ಲ."

"ಮುಳುಗುಗಾರನ ಶ್ವಾಸಕೋಶ ಅಂದ್ರೆ ಸುಮ್ನೇನಾ!" ಎಂದು ದೊಡ್ಡಪ್ಪ ಮೀಸೆ ನೀವಿಕೊಂಡರು.

ನಾನು ಬೈಯಲೆಂದೇ ಬಾಯಿ ತೆರೆದೆ. "ಅಲ್ಲ ದೊಡ್ಡಪ್ಪ, ನಿನ್ನೆಯಿಂದ ನಮ್ಮ ಜೀವ ತಿಂದ್ರಿ. ಇವತ್ತು ಅಷ್ಟು ಸಣ್ಣ ಉಸಿರು ಎಲ್ಲಿಂದ ಬಂತು?"

"ಹೆಚ್ಚಿಗೆ ಯಾಕೆ ಬೇಕಿತ್ತು? ಹಗ್ಗ ಇವಳ ಕೈಲಿತ್ತು," ಎಂದರು. "ಇವಳು ಮರೆಯೋಳಾ?"

ದೊಡ್ಡಮ್ಮ ಇನ್ನೂ ಸೀಸದ ಕೋಟಿನಲ್ಲೇ ನಿಂತಿದ್ದರು. ಕಾಲಿನ ಗಂಟು ಬಿಚ್ಚಲು ನಾನು ಬಗ್ಗಿದರೆ, ಬಟ್ಟೆಯ ಆಚೆ ತುದಿ ಅದುರುತ್ತಿರುವುದು ನನ್ನ ಕೈಗೆ ತಿಳಿಯಿತು. ತಲೆ ಎತ್ತಿ ನೋಡಿದೆ. ಮದುವೆಮನೆಯಲ್ಲಿ ಮೂಳೆ ಚೀಪುತ್ತಾ ಕೂರುತ್ತಿದ್ದ ಹೆಂಗಸು ಮಕ್ಕಳ ಹಾಗೆ ಅಳುತ್ತಿದ್ದರು.

"ಅಷ್ಟು ವರ್ಷ ದಡದಲ್ಲಿ ನಿಂತಿದ್ನಲ್ಲೋ," ಎಂದರು ಗಂಡನಿಗೆ. "ನನ್ನ ಕೈಲಿ ಏನೂ ಇರ್ತಿರ್ಲಿಲ್ಲ ಕಣೋ. ನೀನು ಬದುಕಿದ್ಯಾ, ಸತ್ತ್ಯಾ ಅಂತ ತಿಳ್ಕೊಳ್ಳೋಕೆ ಇಷ್ಟು ದಾರವೂ ನನ್ನ ಕೈಲಿ ಇರ್ತಿರ್ಲಿಲ್ಲ."

ದೊಡ್ಡಪ್ಪ ನನ್ನ ಕಡೆ ತಿರುಗಿ, "ಬಿಚ್ಚಬೇಡ ಕಣಮ್ಮ, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ" ಎಂದರು.